ಸುಂಕ ಇಳಿದರೆ ರಫ್ತು ಏರುತ್ತದೆಯೇ? ಮಾರ್ಕೆಟ್ ಆಕ್ಸೆಸ್ ಮ್ಯಾಪ್ ಬಳಸಿದ ಅನುಭವ

ಪದವಿ ತರಗತಿಗೆ ಅಂತಾರಾಷ್ಟ್ರೀಯ ವ್ಯಾಪಾರದ ಪಾಠ ಮಾಡುತ್ತೇನೆ. "ವ್ಯಾಪಾರ ಒಕ್ಕೂಟಕ್ಕೆ ಸೇರಿದರೆ ಸುಂಕ ಇಳಿಯುತ್ತೆ, ಕೃಷಿ ರಫ್ತು ಏರುತ್ತೆ, ಅಷ್ಟೇ ಅಲ್ವಾ ಮೇಡಂ?" ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಈಗ ಉತ್ತರ ಹೇಳುವ ಬದಲು ಮಕ್ಕಳನ್ನು ಮಾರ್ಕೆಟ್ ಆಕ್ಸೆಸ್ ಮ್ಯಾಪ್ ಮುಂದೆ ಕೂರಿಸುತ್ತೇನೆ. ಜಿನೀವಾದ ಇಂಟರ್‌ನ್ಯಾಷನಲ್ ಟ್ರೇಡ್ ಸೆಂಟರ್ ನಡೆಸುವ ಜಾಲತಾಣ ಇದು.

ಮಾರುವ ದೇಶ, ಕೊಳ್ಳುವ ದೇಶ, ಸರಕಿನ ಎಚ್‌ಎಸ್ ಕೋಡ್ (ವ್ಯಾಪಾರದಲ್ಲಿ ಸರಕನ್ನು ಗುರುತಿಸುವ ಅಂಕಿ) ಕೊಟ್ಟರೆ ಸಾಮಾನ್ಯ ಸುಂಕವೂ ಒಪ್ಪಂದದ ರಿಯಾಯಿತಿ ಸುಂಕವೂ ಒಟ್ಟಿಗೆ ಸಿಗುತ್ತವೆ. ನನಗೆ ಅಚ್ಚುಮೆಚ್ಚು ಈ ಹೋಲಿಕೆಯೇ. ಐರೋಪ್ಯ ಒಕ್ಕೂಟಕ್ಕೆ ಹೋಗುವ ಕಾಫಿಯನ್ನು ನೋಡಿ. ಹುರಿಯದ ಬೀಜಕ್ಕೆ (090111) ಸಾಮಾನ್ಯ ಸುಂಕವೇ ಸೊನ್ನೆ. ಅಂದಮೇಲೆ ಯಾವ ಒಪ್ಪಂದವೂ ಅದರ ಸುಂಕವನ್ನು ಇನ್ನಷ್ಟು ಇಳಿಸಲಾರದು. ಹುರಿದ ಬೀಜಕ್ಕೆ (090121) ಮಾತ್ರ ಶೇ 7.5 ಇದೆ. ಲಾಭ ಇರುವುದು ಅಲ್ಲಿ, ಬೆಳೆದವನಿಗಿಂತ ಹುರಿದು ಮಾರುವವನಿಗೆ. ಅದೂ ಬೀಜ ಎಲ್ಲಿಯದು ಎಂಬ ಪ್ರಶ್ನೆಗೆ ಒಪ್ಪಂದದ ಮೂಲ ನಿಯಮ (ಸರಕು ಯಾವ ದೇಶದ್ದೆಂದು ತೀರ್ಮಾನಿಸುವ ನಿಯಮ) ಒಪ್ಪುವ ಉತ್ತರ ಇದ್ದರೆ. ಪರದೇಶದ ಬೀಜ ತಂದು ಹುರಿದರೆ ರಿಯಾಯಿತಿ ಸಿಗುತ್ತದೋ ಇಲ್ಲವೋ ಎಂಬುದು ಒಪ್ಪಂದದಿಂದ ಒಪ್ಪಂದಕ್ಕೆ ಬದಲಾಗುತ್ತದೆ. ಇದಕ್ಕೆ ಅದೇ ಸಂಸ್ಥೆಯ ರೂಲ್ಸ್ ಆಫ್ ಒರಿಜಿನ್ ಫೆಸಿಲಿಟೇಟರ್ ಕೂಡ ನೋಡಿಸುತ್ತೇನೆ.

ಸುಂಕದ ಅಂಕಿ ನೋಡಿ ಅಲ್ಲಿಗೇ ನಿಲ್ಲಬೇಡಿ, ಸುಂಕೇತರ ಕ್ರಮಗಳ (ತಪಾಸಣೆ, ನಿಷೇಧದಂಥ ಸುಂಕವಲ್ಲದ ಕಟ್ಟುಪಾಡುಗಳ) ಪುಟವನ್ನೂ ತೆರೆಯಿರಿ. ಮೆಕ್ಸಿಕೋದ ಬೆಣ್ಣೆಹಣ್ಣಿನ ಕಥೆ ಹೇಳಿದಾಗಲೇ ಇದು ನನ್ನ ಮಕ್ಕಳ ತಲೆಗೆ ಹೋಗುವುದು. ಬೀಜ ಕೊರೆಯುವ ಹುಳದ ಭಯದಿಂದ ಅಮೆರಿಕ 1914ರಲ್ಲಿ ಆ ಹಣ್ಣನ್ನು ನಿಷೇಧಿಸಿತ್ತು. 1994ರಲ್ಲಿ ಅಮೆರಿಕ, ಕೆನಡಾ, ಮೆಕ್ಸಿಕೋ ನಡುವಿನ ನಾಫ್ಟಾ ವ್ಯಾಪಾರ ಒಪ್ಪಂದ ಜಾರಿಗೆ ಬಂದರೂ ಆ ನಿಷೇಧ ಬಿದ್ದುಹೋಗಲಿಲ್ಲ. 1997ರಲ್ಲಿ ಮಿಚೋಆಕಾನ್ ಪ್ರಾಂತ್ಯದ ಹಣ್ಣಿಗೆ, ಚಳಿಗಾಲದಲ್ಲಿ, ಅಮೆರಿಕದ ಈಶಾನ್ಯದ 19 ರಾಜ್ಯಗಳಲ್ಲಿ ಅವಕಾಶ ಸಿಕ್ಕಿತು. ಎಲ್ಲ ರಾಜ್ಯಗಳ ಬಾಗಿಲು ತೆರೆದದ್ದು 2007ರಲ್ಲಿ. ಅಷ್ಟೂ ವರ್ಷ ತೋಟ ತೋಟ ತಪಾಸಣೆ ಮಾಡಿದವರ ಶ್ರಮ ಸುಂಕದ ಪಟ್ಟಿಯಲ್ಲಿ ಕಾಣುವುದಿಲ್ಲ.

ಹೊಸಬರಿಗೆ ಎಚ್‌ಎಸ್ ಕೋಡ್ ಹುಡುಕುವುದು ಮೊದಮೊದಲು ತೊಡಕು. ತಾಳ್ಮೆ ಇಟ್ಟುಕೊಳ್ಳಿ, ಹುರಿದದ್ದು ಹುರಿಯದ್ದರ ನಡುವಿನ ಒಂದಂಕಿ ವ್ಯತ್ಯಾಸ ಇಡೀ ಲೆಕ್ಕವನ್ನೇ ಬದಲಿಸುತ್ತದೆ. ರಫ್ತಿಗೆ ಕೈಹಾಕುವವರಿಗೂ, ವ್ಯಾಪಾರ ಒಪ್ಪಂದಗಳ ಬಗ್ಗೆ ಬರೆಯುವವರಿಗೂ ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಸರಕು ಹಡಗು ಹತ್ತಿಸುವ ಮುನ್ನ ಮಾತ್ರ ಕೊಳ್ಳುವ ದೇಶದ ಕಸ್ಟಮ್ಸ್‌ನಲ್ಲಿ ಅಂದಿನ ದರ ಕೇಳಿಕೊಳ್ಳಿ.