ಕಾಲು ಕಿಲೋ ಪೊಟ್ಟಣಕ್ಕೂ ಗೋಣಿಚೀಲಕ್ಕೂ ಒಂದೇ ಚಿತ್ರ: ಇಂಕ್‌ಸ್ಕೇಪ್ ಬಳಸಿ ನೋಡಿದ್ದು

ಚಿಕ್ಕಮಗಳೂರಿನಲ್ಲಿ ಕಾಫಿ ಪುಡಿ ಮಾರುವ ಪರಿಚಯದವರೊಬ್ಬರಿಗೆ ಕಾಲು ಕಿಲೋ ಪೊಟ್ಟಣದ ಲೇಬಲ್ ಮಾಡಿಕೊಡಲು ಒಪ್ಪಿಕೊಂಡಾಗ, ಅವರ ಬಳಿ ಇದ್ದದ್ದು ಹಣ್ಣು ಹಿಡಿದ ಕಾಫಿ ರೆಂಬೆಯ ಒಂದು ಚಿತ್ರ ಮಾತ್ರ. ಅದೂ ಮೊಬೈಲಿನಿಂದ ಮೊಬೈಲಿಗೆ ಹಾದು ಸವೆದು, 640 ಪಿಕ್ಸೆಲ್ ಅಗಲದ ಜೆಪೆಗ್ ಆಗಿ ಉಳಿದಿತ್ತು. 3 ಅಂಗುಲದ ಲೇಬಲ್ಲನ್ನು 300 ಡಿಪಿಐನಲ್ಲಿ, ಅಂದರೆ ಅಂಗುಲಕ್ಕೆ 300 ಚುಕ್ಕೆಗಳಂತೆ, ಮುದ್ರಿಸಲು 900 ಪಿಕ್ಸೆಲ್ ಬೇಕಾಗುತ್ತದೆ. ಹಿಂದೊಮ್ಮೆ ಇದೇ ಚಿತ್ರವನ್ನು 10 ಅಡಿ ಅಗಲದ ಫ್ಲೆಕ್ಸಿಗೆ ಹಿಗ್ಗಿಸಿದ್ದಾಗ ಒಂದೊಂದು ಪಿಕ್ಸೆಲ್ಲೂ ಸುಮಾರು 5 ಮಿಲಿಮೀಟರಿನ ಚೌಕವಾಗಿ, ರೆಂಬೆಯ ಅಂಚಿಗೆ ಒಳ್ಳೆಮೆಣಸಿನ ಕಾಳುಗಳನ್ನು ಸಾಲಾಗಿ ಅಂಟಿಸಿದಂತೆ ಕಂಡಿತ್ತು. ಪಿಕ್ಸೆಲ್ ಚೌಕಗಳಿಂದಾದ ಬಿಟ್‌ಮ್ಯಾಪ್ ಚಿತ್ರದ ಸ್ವಭಾವವೇ ಅದು: ಇರುವ ಚೌಕಗಳನ್ನು ದೊಡ್ಡದು ಮಾಡಬಹುದೇ ಹೊರತು ಇಲ್ಲದ ವಿವರವನ್ನು ಹುಟ್ಟಿಸಲಾಗದು. ವೆಕ್ಟರ್ ಚಿತ್ರದಲ್ಲಿ ಗೆರೆಯು ಬಿಂದುಗಳ ಮತ್ತು ವಕ್ರರೇಖೆಗಳ ಲೆಕ್ಕವಾಗಿ ಉಳಿಯುವುದರಿಂದ ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ವೆಕ್ಟರ್ ಚಿತ್ರ ಬರೆಯುವ ತಂತ್ರಾಂಶವಾದ ಇಂಕ್‌ಸ್ಕೇಪನ್ನು ನಾನು ಕೈಗೆತ್ತಿಕೊಂಡದ್ದು ಈ ಕಾರಣಕ್ಕೆ. ಕಾಸಿಲ್ಲದೆ ಸಿಗುತ್ತದೆ ಎಂಬುದು ಎರಡನೆಯ ಕಾರಣ.

2003ರಲ್ಲಿ ಸೋಡಿಪೋಡಿ ಎಂಬ ತಂತ್ರಾಂಶದಿಂದ ಕವಲೊಡೆದ ಇಂಕ್‌ಸ್ಕೇಪ್, 1.0 ಆವೃತ್ತಿಗೆ ತಲುಪಿದ್ದು 2020ರಲ್ಲಿ. ವೆಕ್ಟರ್ ಚಿತ್ರಗಳನ್ನು ಉಳಿಸುವ ಎಸ್‌ವಿಜಿ ಇದರ ಮೂಲ ಕಡತ ಸ್ವರೂಪ.

ಹೆಚ್ಚಿನವರು ಇದರತ್ತ ಬರುವುದು, ಬಿಟ್‌ಮ್ಯಾಪನ್ನು ವೆಕ್ಟರ್ ಗೆರೆಗಳಾಗಿಸುವ ‘ಟ್ರೇಸ್ ಬಿಟ್‌ಮ್ಯಾಪ್’ ಸೌಲಭ್ಯದ ಆಸೆಯಿಂದ, ನಾನೂ ಹಾಗೆಯೇ ಬಂದವನು. ಇದರೊಳಗೆ ಪೋಟ್ರೇಸ್ ಎಂಬ ವಿಧಾನ ಕೆಲಸ ಮಾಡುತ್ತದೆ. ನಾವು ಕೊಟ್ಟ ಮಿತಿಗಿಂತ ಗಾಢವಾದ ಪಿಕ್ಸೆಲ್ಲುಗಳನ್ನೆಲ್ಲ ಕಪ್ಪೆಂದೂ ಉಳಿದವನ್ನು ಬಿಳಿಯೆಂದೂ ಎಣಿಸಿ, ಕಪ್ಪು ಭಾಗದ ಸುತ್ತ ಅದು ನಯವಾದ ಗೆರೆ ಹಾಕುತ್ತದೆ. ಆ ಸವೆದ ಜೆಪೆಗ್ ಚಿತ್ರವನ್ನು ಕೊಟ್ಟಾಗ ಬಂದ ಫಲಿತಾಂಶ ನಿರಾಶಾದಾಯಕವಾಗಿತ್ತು. ಜೆಪೆಗ್ ಚಿತ್ರವನ್ನು 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರದ ತುಂಡುಗಳಾಗಿ ಒತ್ತಿಡುವುದರಿಂದ ಎಲೆಯ ಅಂಚಿನಲ್ಲಿ ಏಳುವ ಮಸುಕನ್ನೂ ತಂತ್ರಾಂಶ ನಿಷ್ಠೆಯಿಂದ ಗೆರೆಯಾಗಿಸಿತ್ತು. ಒಂದು ಎಲೆಯ ಸುತ್ತಲೇ ಗೆರೆಯನ್ನು ಹಿಡಿದಿಡುವ ಬಿಂದುಗಳು, ಅಂದರೆ ನೋಡ್‌ಗಳು, ನೂರಾರು ಇದ್ದವು. ‘ಸಿಂಪ್ಲಿಫೈ’ ಆಜ್ಞೆ ಅವನ್ನು ಕಡಿಮೆ ಮಾಡುತ್ತದೆ, ಆದರೆ ಎರಡು ಮೂರು ಬಾರಿ ಒತ್ತಿದರೆ ಎಲೆಯ ಚೂಪು ತುದಿ ಮೊಂಡಾಗಿ ಕಾಫಿ ಎಲೆ ವೀಳ್ಯದೆಲೆಯಾಗುತ್ತದೆ. ಬಹುವರ್ಣದ ಟ್ರೇಸಿಂಗ್ ಇನ್ನೂ ತೊಡಕಿನದು: ಪ್ರತಿ ಬಣ್ಣಕ್ಕೂ ಒಂದು ಆಕೃತಿಯನ್ನು ಒಂದರ ಮೇಲೊಂದು ಪೇರಿಸಿಡುವ ಅದನ್ನು ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದು ಬೇಗ ಮುಗಿಯುತ್ತದೆ.

ಕೊನೆಗೆ ಅಂಗಡಿಯವರ ಹಳೆಯ ಲೆಕ್ಕದ ಪುಸ್ತಕದ ರಟ್ಟಿನ ಮೇಲೆ ಅದೇ ರೆಂಬೆಯ ಮಸಿಚಿತ್ರ ಸಿಕ್ಕಿತು. ಅದನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಫೋಟೋ ತಿದ್ದುವ ತಂತ್ರಾಂಶವಾದ ಗಿಂಪ್‌ನಲ್ಲಿ ಕಾಗದದ ಹಳದಿ ಬಣ್ಣ ತೆಗೆದು ಕಪ್ಪು ಬಿಳುಪು ಸ್ಪಷ್ಟಪಡಿಸಿ, ನಂತರ ಟ್ರೇಸ್ ಮಾಡಿದಾಗ ಗೆರೆಗಳು ಮಸಿಯ ಕಡ್ಡಿಯಿಂದ ಈಗಷ್ಟೇ ಎಳೆದಂತೆ ಬಂದವು. ಹಣ್ಣುಗಳನ್ನು ಮಾತ್ರ ವೃತ್ತ ಹಾಕಿ ನಾನೇ ಬರೆದೆ. ಪಿಕ್ಸೆಲ್ಲಿನ ಕಸವನ್ನು ಪಿಕ್ಸೆಲ್ಲಿನ ತಂತ್ರಾಂಶದಲ್ಲೇ ಗುಡಿಸಬೇಕು. ಇಂಕ್‌ಸ್ಕೇಪಿಗೆ ಫೋಟೋ ತಿದ್ದುವ ಕೆಲಸ ಒಪ್ಪಿಸುವುದು ವ್ಯರ್ಥ. ಲೇಬಲ್ಲಿನ ಹಿಂಬದಿಗೆ ಹಾಕಿದ ಮುಳ್ಳಯ್ಯನಗಿರಿಯ ಫೋಟೋವನ್ನು ಆದ್ದರಿಂದಲೇ ಫೋಟೋ ಆಗಿಯೇ ಉಳಿಸಿದೆ.

ಇಂಕ್‌ಸ್ಕೇಪ್ ನನ್ನನ್ನು ಗೆದ್ದದ್ದು ಕನ್ನಡ ಅಕ್ಷರಗಳ ವಿಷಯದಲ್ಲಿ. ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಹಳೆಯ ಎನ್‌ಕೋಡಿಂಗಿನ ಫಾಂಟುಗಳಲ್ಲೇ ಕೆಲಸ ನಡೆಯುವುದುಂಟು. ಫಾಂಟ್ ಬದಲಾದರೆ ‘ಚಿಕ್ಕಮಗಳೂರು’ ಎಂಬುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಇಲ್ಲಿ ಯೂನಿಕೋಡ್ ಪಠ್ಯವನ್ನು ನೇರವಾಗಿ ಟೈಪಿಸಿದರೆ ‘ಕ್ಕ’ದ ಒತ್ತು ತನ್ನ ಜಾಗದಲ್ಲೇ ಕೂರುತ್ತದೆ, ನೋಟೋ ಆಗಲಿ ಬಾಲೂ ತಮ್ಮ ಆಗಲಿ ಫಾಂಟ್ ಬದಲಿಸಿದರೂ ಪದ ಪದವಾಗಿಯೇ ಉಳಿಯುತ್ತದೆ. ಮುದ್ರಣಕ್ಕೆ ಕಳುಹಿಸುವ ಮುನ್ನ ‘ಆಬ್ಜೆಕ್ಟ್ ಟು ಪಾತ್’ ಮೂಲಕ ಅಕ್ಷರಗಳನ್ನು ಆಕೃತಿಗಳನ್ನಾಗಿಸಿದರೆ ಅತ್ತ ಕಡೆಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಚಿಂತೆಯಿಲ್ಲ. ಆದರೆ ಹಾಗೆ ಮಾಡಿದ ಮೇಲೆ ಅದು ಪಠ್ಯವಲ್ಲ. ಮೂಲ ಪ್ರತಿಯನ್ನು ಬೇರೆ ಇಡದೆ ಉಳಿಸಿದ ತಪ್ಪಿಗೆ, ಬೆಲೆ ಬದಲಾದಾಗ ನಾನು ಇಡೀ ಹಿಂಬದಿಯನ್ನು ಮತ್ತೆ ಟೈಪಿಸಿದ್ದೇನೆ.

ದೊಡ್ಡ ಕೊರತೆ ಬಣ್ಣದ್ದು. ಆಫ್‌ಸೆಟ್ ಮುದ್ರಣಕ್ಕೆ ನಾಲ್ಕು ಶಾಯಿಗಳ ಬಣ್ಣಲೆಕ್ಕವಾದ ಸಿಎಂವೈಕೆ ಬೇಕು, ನಾನು ಬಳಸುತ್ತಿರುವ 1.4 ಆವೃತ್ತಿ ಹೊರಡಿಸುವ ಪಿಡಿಎಫ್ ಪರದೆಯ ಬಣ್ಣಲೆಕ್ಕವಾದ ಆರ್‌ಜಿಬಿಯದು. ಪರದೆಯ ಮೇಲೆ ಹದವಾಗಿ ಹುರಿದ ಬೀಜದಂತಿದ್ದ ಕಂದು, ಮೊದಲ ಮಾದರಿ ಮುದ್ರಣದಲ್ಲಿ ಸೀದ ಬಣ್ಣಕ್ಕೆ ತಿರುಗಿತ್ತು. ಈಗ ಎಸ್‌ವಿಜಿಯನ್ನು ಪುಟವಿನ್ಯಾಸದ ತಂತ್ರಾಂಶವಾದ ಸ್ಕ್ರೈಬಸ್‌ಗೆ ಒಯ್ದು ಬಣ್ಣಗಳನ್ನು ಅಲ್ಲಿ ನಿಗದಿಪಡಿಸಿ ಪಿಡಿಎಫ್ ಮಾಡುತ್ತೇನೆ. ಒಂದು ಹೆಜ್ಜೆ ಹೆಚ್ಚು, ಬೇಸರದ ಹೆಜ್ಜೆಯೂ ಹೌದು. ಮುದ್ರಕರು ರೂಢಿಯಂತೆ ಕೋರೆಲ್‌ಡ್ರಾ ಎಂಬ ಇನ್ನೊಂದು ವೆಕ್ಟರ್ ತಂತ್ರಾಂಶದ ಕಡತವನ್ನೇ ಕೇಳುತ್ತಾರೆ, ಅದನ್ನು ಇಂಕ್‌ಸ್ಕೇಪ್ ಕೊಡಲಾರದು. ದಿನವೂ ಮುದ್ರಣದ ಕೆಲಸವೇ ಇರುವವರು ಈ ಎರಡು ಸಂಗತಿಗಳನ್ನು ತೂಗಿ ನೋಡಿಯೇ ಬದಲಾಗುವುದು ಒಳ್ಳೆಯದು. ತಿಂಗಳಿಗೆ ಒಂದೆರಡು ಲೇಬಲ್ ಮಾಡುವ ನನ್ನಂಥವರಿಗೆ ಇಷ್ಟು ಧಾರಾಳವಾಗಿ ಸಾಕು.

ಕಳೆದ ಸುಗ್ಗಿಯಲ್ಲಿ ಅದೇ ಕಡತದಿಂದ ಗೋಣಿಚೀಲಕ್ಕೆ ಬಣ್ಣ ಬಳಿಯುವ ಅಚ್ಚುಹಾಳೆಯನ್ನೂ ಕತ್ತರಿಸಿಕೊಟ್ಟೆ. ರೆಂಬೆ ಎರಡು ಅಡಿಗೆ ಹಿಗ್ಗಿದರೂ ಒಂದು ಗೆರೆಯೂ ಕೆಡಲಿಲ್ಲ. ಆದರೆ ಹಾಳೆಯಲ್ಲಿ ‘ಅಂಗಡಿ’ ಎಂದು ಕತ್ತರಿಸಿದೊಡನೆ ಸೊನ್ನೆಯ ಒಳಗಿನ ಬಿಲ್ಲೆಯೂ ಗುಡಿಸಿನ ಒಳಗಿನ ಚೂರೂ ಕಳಚಿ ಬಿದ್ದವು. ಮರಳಿ ಬಂದು, ತೆಳುವಾದ ಆಯತಗಳನ್ನು ಅಕ್ಷರದ ಮೇಲಿಟ್ಟು ‘ಡಿಫರೆನ್ಸ್’ ಆಜ್ಞೆಯಿಂದ ಅಷ್ಟು ಭಾಗವನ್ನು ಅಕ್ಷರದಿಂದ ಕಳೆದು, ಬಿಲ್ಲೆಯನ್ನು ಹಾಳೆಗೆ ಹಿಡಿದಿಡುವ ಸೇತುವೆಗಳನ್ನು ಉಳಿಸಿಕೊಂಡೆ. ಹತ್ತು ನಿಮಿಷದ ಕೆಲಸ. ಈಗ ಚೀಲಗಳ ಮೇಲಿನ ಸೊನ್ನೆ ಎರಡು ಕಡೆ ಸೀಳಿಕೊಂಡಿದೆ, ಅಂಗಡಿಯವರಿಗೆ ಅದು ಕಾಫಿ ಬೀಜದ ನಡುಗೆರೆಯಂತೆ ಕಾಣುತ್ತದಂತೆ.