ಸ್ಟಾರ್ಟರ್ ಅಪ್‌ಗ್ರೇಡ್ ಅಂತ ಮಿಕ್ಸಿ ಕಾರ್ಬನ್ ಹಾಕಿ ಕೊಡ್ತಾರೆ, ಜಾಗ್ರತೆ

ಕಾಸರಗೋಡು, ಮಂಗಳೂರು ಕಡೆ ರಿಮೋಟಿನಲ್ಲಿ ನಡೆಸುವ ಆರ್‌ಸಿ ವಿಮಾನ ಹಾರಿಸುವವರು ದಯವಿಟ್ಟು ಓದಿ. ಈ ವಿಮಾನಗಳ ಸಣ್ಣ ಗ್ಲೋ ಎಂಜಿನ್ನನ್ನು ತಿರುಗಿಸಿ ಹತ್ತಿಸುವ ಮೋಟಾರು, ಅಂದರೆ ಸ್ಟಾರ್ಟರ್, ರಿಪೇರಿ ಮಾಡಿ ಪವರ್ ಜಾಸ್ತಿ ಮಾಡಿಕೊಡ್ತೇನೆ ಅಂತ ಒಬ್ಬರು ವಾಟ್ಸಾಪಿನಲ್ಲಿ ಸಿಗ್ತಾರೆ. ಹೆಸರು ಹಾಕುವುದಿಲ್ಲ. ಕೆಲಸ ಹೇಗಿರುತ್ತದೆ ಅಂತ ಹೇಳ್ತೇನೆ, ಸಾಕು.

ನನ್ನದು ಹಳೆಯ 12 ವೋಲ್ಟ್ ಸ್ಟಾರ್ಟರ್. 25 ಸೈಜ್ ಎಂಜಿನ್ನಿಗೆ ಆರಾಮಾಗಿ ಸಾಕಾಗುತ್ತಿತ್ತು. ಅದಕ್ಕಿಂತ ದೊಡ್ಡ 60 ಸೈಜ್ ಎಂಜಿನ್ ತಗೊಂಡ ಮೇಲೆ ಕಂಪ್ರೆಷನ್ ಬಂದ ಕೂಡಲೇ ನಿಂತುಬಿಡುತ್ತಿತ್ತು, ಬ್ರಷ್ (ಒಳಗೆ ತಿರುಗುವ ಭಾಗಕ್ಕೆ ಕರೆಂಟ್ ಕೊಡುವ ಕಾರ್ಬನ್ ತುಂಡು) ಹತ್ತಿರ ಕಿಡಿ ಬೇರೆ. ಆರ್ಮೇಚರ್ (ಆ ತಿರುಗುವ ಭಾಗ) ವೈಂಡಿಂಗ್, ಎರಡೂ ಕಡೆ ಬಾಲ್ ಬೇರಿಂಗ್, ಹೊಸ ಕಾರ್ಬನ್, ದಪ್ಪ ವಯರ್, ಎಲ್ಲ ಸೇರಿ 2,200 ರೂಪಾಯಿ ಅಂದರು. ದುಡ್ಡು ಪೂರ್ತಿ ಮೊದಲೇ. "ಪಾರ್ಟ್ಸ್ ತರಿಸಬೇಕಲ್ಲ ಮಾರಾಯ್ರೆ." ಕೊಟ್ಟೆ. ವಾಪಸ್ ಬಂದಾಗ ನೋಡಲು ಭಾರೀ ಚೆಂದ. ಹೊಸ ಪೇಂಟ್, ದಪ್ಪನೆಯ ಕೆಂಪು ಸಿಲಿಕಾನ್ ವಯರ್.

ಭಾನುವಾರ ವಿಮಾನ ಹಾರಿಸುವ ಬಯಲಿಗೆ ತಗೊಂಡು ಹೋದೆ. ಹಾರಿಸುವವರು, ನೋಡಲು ಬಂದವರು, ಮಕ್ಕಳು, ಎಲ್ಲ ಸುತ್ತ ನಿಂತಿದ್ದಾರೆ. ಬಟನ್ ಒತ್ತಿದರೆ ಉಲ್ಟಾ ತಿರುಗ್ತದೆ! ಎಂಜಿನ್ ಎದುರು ನಿಂತು ನೋಡಿದರೆ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಬೇಕು, ಇದು ಮುಳ್ಳಿನ ದಾರಿಯಲ್ಲೇ ಹೊರಟಿದೆ. ಅಲ್ಲಿಂದಲೇ ಫೋನ್ ಮಾಡಿದೆ. "ಬ್ಯಾಟರಿ ಉಲ್ಟಾ ಕೊಟ್ಟಿದ್ದೀರಿ" ಅಂದರು. ಕೆಂಪು ವಯರ್ ಪ್ಲಸ್ಸಿಗೇ ಇದೆ ಅಂತ ಫೋಟೋ ಕಳಿಸಿದೆ. "ಹಾಗಾದ್ರೆ ಕೆಂಪನ್ನು ಮೈನಸ್ಸಿಗೆ ಕೊಡಿ, ಏನಾಯ್ತೀಗ?" ಏನಾಯ್ತೀಗ ಅಂತೆ!

ಹಾಗೇ ಕೊಟ್ಟು ನೋಡಿದೆ. ಗಾಳಿಯಲ್ಲಿ ಜೋರಾಗಿ ತಿರುಗ್ತದೆ, ಪ್ರೊಪೆಲ್ಲರಿನ ಮೂತಿಯ ಸ್ಪಿನ್ನರಿಗೆ ಒತ್ತಿದ ಕೂಡಲೇ ಮೊದಲಿಗಿಂತ ಕಡೆ. ಸ್ವಲ್ಪ ಹೊತ್ತಿಗೇ ಮೋಟಾರ್ ಮುಟ್ಟಲಾಗದಷ್ಟು ಬಿಸಿ, ಸುಟ್ಟ ವಾಸನೆ. ಮತ್ತೆ ಫೋನ್. "ನಿಮ್ಮ ಎಂಜಿನ್ನೇ ಟೈಟ್ ಇರಬೇಕು." ಪ್ಲಗ್ ಬಿಚ್ಚಿ ಬೆರಳಲ್ಲಿ ತಿರುಗಿಸಿದರೆ ಬೆಣ್ಣೆಯ ಹಾಗೆ ಹೋಗ್ತದೆ ಅಂದೆ. ಅದಕ್ಕೆ ಬಂದ ಉತ್ತರ ಕೇಳಿ: "24 ವೋಲ್ಟ್ ಕೊಡಿ, ಪಕ್ಕಾ ಹತ್ತುತ್ತದೆ." ಹೊಗೆ ಬರುವ ಮೋಟಾರಿಗೆ 24 ವೋಲ್ಟ್! ಕೊನೆಗೆ ಅಲ್ಲಿದ್ದ ಹಿರಿಯರೊಬ್ಬರು ಕೋಲಿನಲ್ಲಿ ಪ್ರೊಪೆಲ್ಲರ್ ತಟ್ಟಿದರು, ಎಂಜಿನ್ ಹತ್ತಿತು. ಎಲ್ಲರೂ ನಕ್ಕರು. ನನಗೆ ಮುಖ ಎಲ್ಲಿಡಬೇಕು ಅಂತ ಗೊತ್ತಾಗಲಿಲ್ಲ.

ಮನೆಗೆ ಬಂದು ಬಿಚ್ಚಿದೆ. ಆ ದಪ್ಪ ಕೆಂಪು ವಯರ್ ಇದೆಯಲ್ಲ, ಅದು ಮೋಟಾರಿನ ಬಾಯಿಯವರೆಗೆ ಮಾತ್ರ. ಕಪ್ಪು ಸ್ಲೀವ್ ಕೊಯ್ದು ನೋಡಿದರೆ ಒಳಗೆ ಅದೇ ನನ್ನ ಹಳೇ ಸಪೂರ ವಯರಿಗೆ ಬೆಸುಗೆ! ಆಗಲೇ ನನ್ನ ತಲೆ ಕೆಟ್ಟಿತು. ಆರ್ಮೇಚರ್ ಹಳೆಯದೇ, ಅದರಲ್ಲಿ ಬ್ರಷ್ ತಾಗುವ ಕಮ್ಯುಟೇಟರಿಗೆ ಸುಮ್ನೆ ಮರಳು ಕಾಗದ ಉಜ್ಜಿದ್ದಾರೆ. ಬಾಲ್ ಬೇರಿಂಗ್ ಎಲ್ಲಿ? ಎರಡೂ ಕಡೆ ಹಳೇ ಬುಷ್. ಹೊಸದು ಅಂತ ಇದ್ದದ್ದು ಕಾರ್ಬನ್ ಒಂದೇ, ಅದೂ ಮಿಕ್ಸಿಯದ್ದು, ಬದಿ ಉಜ್ಜಿ ತೂರಿಸಿದ್ದಾರೆ. 500 ವ್ಯಾಟಿನ ಮಿಕ್ಸಿ 230 ವೋಲ್ಟಿನಲ್ಲಿ ಎಳೆಯುವುದು ಎರಡು ಮೂರು ಆಂಪಿಯರ್. ಸ್ಟಾರ್ಟರ್ 12 ವೋಲ್ಟಿನಲ್ಲಿ ಲೋಡ್ ಬಿದ್ದಾಗ ಹತ್ತಾರು ಆಂಪಿಯರ್ ಎಳೆಯುತ್ತದೆ. ಅದಕ್ಕೆ ತಾಮ್ರ ಬೆರೆತ ಬ್ರಷ್ಷೇ ಬೇಕು. ಬರೀ ಕಪ್ಪು ಕಾರ್ಬನ್ ಹಾಕಿದರೆ ಬ್ಯಾಟರಿಯ ವೋಲ್ಟೇಜ್ ಬ್ರಷ್ಷಿನಲ್ಲೇ ಬಿಸಿಯಾಗಿ ಹೋಗ್ತದೆ, ಮೋಟಾರಿಗೆ ಏನು ಉಳೀತದೆ? ವೈಂಡಿಂಗ್ ಮಾಡುವವನಿಗೆ ಇದು ಗೊತ್ತಿಲ್ವಾ?

ಫೋಟೋ ಎಲ್ಲ ಕಳಿಸಿದೆ. "ನೀವು ಬಿಚ್ಚಿದ್ದೀರಲ್ಲ, ಇನ್ನು ಗ್ಯಾರಂಟಿ ಇಲ್ಲ." ಬೇರಿಂಗ್ ಬಗ್ಗೆ ಕೇಳಿದರೆ "ಬೇರೆ ಯಾರೂ ಕಂಪ್ಲೇಂಟ್ ಹೇಳಿಲ್ಲ ಅಣ್ಣ." ಆಮೇಲೆ ಬರೀ ನೀಲಿ ಟಿಕ್.

ಇಂಥವರಿಗೆ ಕೊಡಲೇಬೇಕು ಅಂತಿದ್ದರೆ ಬಿಚ್ಚಿದ ಹಳೇ ಪಾರ್ಟ್ಸ್ ಕೈಗೆ ಬರದೆ ದುಡ್ಡು ಕೊಡಬೇಡಿ. ಕಾರಿನ ಸೆಲ್ಫ್ ಮೋಟಾರ್ ರಿಪೇರಿ ಮಾಡುವವರ ಹತ್ತಿರ ಹೋಗಿ, ಅವರಿಗೆ ತಾಮ್ರದ ಬ್ರಷ್ ದಿನಾ ಮಾಡುವ ಕೆಲಸ. ದೊಡ್ಡ ಎಂಜಿನ್ನಿಗೆ ಗೇರ್ ಇರುವ ಸ್ಟಾರ್ಟರನ್ನೇ ತಗೊಳ್ಳಿ. ನಾನೂ ಈಗ ಅದಕ್ಕೇ ದುಡ್ಡು ಕೂಡಿಸ್ತಾ ಇದ್ದೇನೆ.

ಆ ಮನುಷ್ಯನ ಸ್ಟೇಟಸ್ಸಿನಲ್ಲಿ 'ಹೆವಿ ಡ್ಯೂಟಿ ಅಪ್‌ಗ್ರೇಡ್' ಅಂತ ಒಂದು ಸ್ಟಾರ್ಟರ್ ಫೋಟೋ ಈಗಲೂ ಓಡ್ತಾ ಇದೆ. ಸ್ಟಾರ್ಟರಿನ ಮೂತಿಯ ಕೋನಿನ ಅಂಚಿನಲ್ಲಿ ಬಿಳಿ ಗೀಟು ಇರುವುದು. ಅದು ನನ್ನದೇ. ಅದನ್ನು ನೋಡಿ ಆರ್ಡರ್ ಕೊಡಬೇಡಿ.