ಕಮಿಷನ್ ದರ ಇಳಿಸಿದ ಇಮೇಲ್ ಬಂದರೆ ಸುಮ್ಮನಿರಬೇಡಿ

ಕಡಿಮೆ ಮೂಲ ವೇತನ ಮತ್ತು ಕಮಿಷನ್ ನಂಬಿ ಮಾರಾಟ ವಿಭಾಗದಲ್ಲಿ ದುಡಿಯುವವರು ನನಗಾದ ಅನ್ಯಾಯವನ್ನು ತಿಳಿದಿರಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಆರ್ಡರ್ ಖಚಿತವಾದ ಕೂಡಲೇ ಅದರ ಮೌಲ್ಯದ ಶೇ. 4ರಷ್ಟು ಕಮಿಷನ್ ಸಲ್ಲುತ್ತದೆ ಎಂದು ನನ್ನ ನೇಮಕಾತಿ ಪತ್ರದಲ್ಲಿತ್ತು. ತ್ರೈಮಾಸಿಕದ ನಡುವೆ ಬಂದ ಇಮೇಲ್, ಇನ್ನು ಮುಂದೆ ಗ್ರಾಹಕರಿಂದ ಹಣ ವಸೂಲಾದ ಮೇಲಷ್ಟೇ ಶೇ. 2.5 ಎಂದಿತು. ಆ ತಿಂಗಳ ಕಮಿಷನ್ ಪಟ್ಟಿಯಲ್ಲಿ, ಇಮೇಲ್ ಬರುವ ಮೊದಲೇ ಖಚಿತವಾಗಿದ್ದ ಆರ್ಡರ್‌ಗಳಿಗೂ 2.5 ಎಂದೇ ನಮೂದಾಗಿತ್ತು. ಹಣ ಬಾಕಿಯಿದ್ದವುಗಳ ಮುಂದೆ ಸೊನ್ನೆ.

ವಿಚಾರಿಸಿದಾಗ ಮಾನವ ಸಂಪನ್ಮೂಲ ವಿಭಾಗದವರು ತೋರಿಸಿದ್ದು, ಕಮಿಷನ್ ಯೋಜನೆಯನ್ನು ಸಂಸ್ಥೆ ತನ್ನ ವಿವೇಚನೆಯಂತೆ ಬದಲಿಸಬಹುದು ಎಂಬ ಒಂದೇ ಸಾಲನ್ನು. ಮುಂದಿನ ಮಾರಾಟಗಳ ದರವನ್ನು ಸೂಚನೆ ಕೊಟ್ಟು ಬದಲಿಸಲು, ಅದರಲ್ಲೂ ಒಪ್ಪಂದದಲ್ಲಿ ಇಂಥ ಸಾಲಿದ್ದರೆ, ಅನೇಕ ಕಡೆ ಕಾನೂನಿನ ಅಡ್ಡಿಯಿಲ್ಲ. ಆದರೆ ಷರತ್ತುಗಳೆಲ್ಲ ಪೂರೈಸಿ ಗಳಿಸಿಯಾದ ಕಮಿಷನ್ ಸಾಮಾನ್ಯವಾಗಿ ಬಾಕಿ ಸಂಬಳಕ್ಕೆ ಸಮ. ಹಿಂದಿನ ದಿನಾಂಕದಿಂದ ಅದನ್ನು ಕಡಿತ ಮಾಡುವುದನ್ನು ಆ ಒಂದು ಸಾಲು ಸಮರ್ಥಿಸಲಾರದು ಎಂಬುದೇ ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಕಮಿಷನ್ ಗಳಿಕೆಯಾಗುವುದು ಆರ್ಡರ್ ಬಂದಾಗಲೋ, ಬಿಲ್ ಆದಾಗಲೋ, ಹಣ ಕೈಸೇರಿದಾಗಲೋ ಎಂಬುದನ್ನು ನಿಮ್ಮ ಪತ್ರ ಸ್ಪಷ್ಟವಾಗಿ ಹೇಳುತ್ತದೆಯೇ ಎಂದು ಇಂದೇ ನೋಡಿಕೊಳ್ಳಿ.

ಮೌನವೂ ಅಪಾಯಕಾರಿ. ಆಕ್ಷೇಪವೆತ್ತದೆ ಹೊಸ ದರದಲ್ಲಿ ತಿಂಗಳುಗಟ್ಟಲೆ ಹಣ ಪಡೆದರೆ, ಅದನ್ನು ಒಪ್ಪಿಗೆಯೆಂದೇ ಪರಿಗಣಿಸುವ ಸಾಧ್ಯತೆ ಹೆಚ್ಚು. ನನ್ನ ಕೆಲವು ಸಹೋದ್ಯೋಗಿಗಳಿಗೆ ಆಡಳಿತ ಮಂಡಳಿ ಹೇಳಿದ್ದೂ ಅದನ್ನೇ. "ಈ ಬದಲಾವಣೆಗೆ ನನ್ನ ಒಪ್ಪಿಗೆಯಿಲ್ಲ, ಆಕ್ಷೇಪಣೆಯನ್ನು ಕಾಯ್ದಿರಿಸಿಕೊಂಡು ಕೆಲಸ ಮುಂದುವರಿಸುತ್ತಿದ್ದೇನೆ" ಎಂದು ನಾನು ಆ ವಾರವೇ ಬರೆದು, ಹಳೆಯ ಆರ್ಡರ್‌ಗಳ ದೃಢೀಕರಣ ಪತ್ರಗಳನ್ನು ದಿನಾಂಕ ಸಹಿತ ಲಗತ್ತಿಸಿದೆ. ಆ ಪ್ರತಿಗಳು ಕಚೇರಿಯ ಕಂಪ್ಯೂಟರಿನಲ್ಲಿ ಮಾತ್ರ ಇದ್ದರೆ ಕೆಲಸ ಹೋದ ದಿನವೇ ಅವೂ ಕೈತಪ್ಪುತ್ತವೆ. ನಿಯಮ ಮೀರದಂತೆ ನಿಮ್ಮ ಬಳಿ ಒಂದು ಪ್ರತಿ ಇರಲಿ.

ಬಹಳ ಓಡಾಟದ ನಂತರ ಹಳೆಯ ಆರ್ಡರ್‌ಗಳಿಗೆ ಶೇ. 4 ಸಿಕ್ಕಿತು, ಹೊಸ ಆರ್ಡರ್‌ಗಳಿಗೆ 2.5 ಖಾಯಂ ಆಯಿತು. ಬೇಸತ್ತು ರಾಜೀನಾಮೆ ಕೊಟ್ಟ ಸಹೋದ್ಯೋಗಿಯೊಬ್ಬರಿಗೆ ಮಾತ್ರ ಬಾಕಿ ಕಮಿಷನ್ ಇನ್ನೂ ಬಂದಿಲ್ಲ. ಪಾವತಿಯ ದಿನ ಉದ್ಯೋಗದಲ್ಲಿ ಇರಲೇಬೇಕೆಂಬ ಷರತ್ತು ಅವರ ಪತ್ರದ ಕೊನೆಯ ಪುಟದಲ್ಲಿತ್ತು. ರಾಜೀನಾಮೆ ಬರೆಯುವ ಮುನ್ನ ಆ ಪುಟವನ್ನು ಕಾರ್ಮಿಕ ಕಾನೂನು ಬಲ್ಲ ವಕೀಲರಿಗೆ ತೋರಿಸಿ.